ಅನಂತಗಿರಿಯಲ್ಲಿ ನಿಂತ ಬಸ್ಸು

ನಾನು ಕೆಲಸ ಬಿಟ್ಟ ಮೇಲೆ ನನ್ನ ಜಾಗಕ್ಕೆ ರೇಣುಕಾ ಎಂಬ ಹುಡುಗಿ ಬಂದಿದ್ದಾಳೆ. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಹೈದರಾಬಾದಿಗೆ ಬಂದವರ ಮಗಳು. ಇಲ್ಲೇ ಹುಟ್ಟಿ ಬೆಳೆದವಳು, ತೆಲುಗು ಹಿಂದಿ ಎರಡನ್ನೂ ನೀರು ಕುಡಿದಷ್ಟು ಸಲೀಸಾಗಿ ಮಾತಾಡುತ್ತಾಳೆ. ಹೋದ ತಿಂಗಳು ಮನೆಗೆ ಬಂದು, "ಬಾಯಾರ, ಈ ಕೆಲಸದಾಗ ಏನೇನ್ ನೋಡ್ಕೋಬೇಕು, ಒಂದೀಟು ಹೇಳ್ರಿ" ಎಂದಳು. ಚಹಾ ಮಾಡಿಕೊಟ್ಟು ಮಧ್ಯಾಹ್ನವೆಲ್ಲ ಮಾತಾಡಿದೆ. ಅವಳು ಹೋದ ಮೇಲೆ ನೋಡಿದರೆ, ಮುಖ್ಯವಾದ ಒಂದು ಸಂಗತಿಯನ್ನೇ ಹೇಳದೆ ಬಿಟ್ಟಿದ್ದೆ. ಮೂವತ್ತು ವರ್ಷದ ಕೆಲಸದಲ್ಲಿ ನಾನು ಒಂದೇ ಒಂದು ಸಲ, ತುಂಬಿದ ಬಸ್ಸನ್ನು ಒಬ್ಬ ಮನುಷ್ಯನಿಗಾಗಿ ಎರಡು ತಾಸು ನಿಲ್ಲಿಸಿದ್ದೇನೆ. ಆ ಮನುಷ್ಯ ಬರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾಯಿತು, ಅದಕ್ಕೇ ಬರೆಯುತ್ತಿದ್ದೇನೆ. ರೇಣುಕಾಗೆ ಕನ್ನಡ ಓದಲು ಬರುವುದಿಲ್ಲ, ಅವಳ ಅತ್ತೆಗೆ ಬರುತ್ತದಂತೆ. ಓದಿಸಿಕೊಳ್ಳಲಿ.

ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಕಾಚಿಗೂಡ ಸ್ಟೇಷನ್ನಿನ ಹತ್ತಿರದ ಗಲ್ಲಿಯೊಂದರಲ್ಲಿ ನಮ್ಮದು ಸಣ್ಣ ಟ್ರಾವೆಲ್ಸ್. ಭಾನುವಾರ, ರಜೆಯ ದಿನ ಬೆಳಿಗ್ಗೆ ಆರಕ್ಕೆ ಬಸ್ಸು ಹೊರಡುತ್ತದೆ. ಊರಿನ ಜನರನ್ನು ಗುಡ್ಡಕ್ಕೋ ಕೆರೆಗೋ ಕೋಟೆಗೋ ಕರೆದುಕೊಂಡು ಹೋಗಿ, ಕತ್ತಲಾಗುವುದರೊಳಗೆ ತಂದು ಬಿಡುತ್ತದೆ. ಅವರ ಜೊತೆಗೆ ಹೋಗುವವಳು ನಾನು. ಕಾಗದದಲ್ಲಿ ಗೈಡ್ ಎಂದಿತ್ತು. ಆದರೆ ಇತಿಹಾಸ ಹೇಳಿದ್ದಕ್ಕಿಂತ ವಾಂತಿ ಮಾಡುವವರ ಕೈಗೆ ನಿಂಬೆಹಣ್ಣು ಕೊಟ್ಟದ್ದೇ ಹೆಚ್ಚು.

ನನ್ನ ಯಜಮಾನರು ಪಟಾನ್‌ಚೆರುವಿನ ಕಾರ್ಖಾನೆಯಲ್ಲಿದ್ದರು. ಮದುವೆಯಾದ ಮೂರನೆಯ ವರ್ಷ ಕಾಮಾಲೆಯಾಗಿ ತೀರಿಕೊಂಡರು. ಮಕ್ಕಳಿರಲಿಲ್ಲ. ವಿಜಯಪುರಕ್ಕೆ ಬಂದುಬಿಡು ಎಂದು ಅಣ್ಣ ಕರೆದ. ಹೋದರೆ ಅತ್ತಿಗೆಯ ಅಡುಗೆಮನೆಯಲ್ಲಿ ಮೂಲೆ ಸೇರಬೇಕು ಎಂದು ನಾನು ಹೋಗಲಿಲ್ಲ. ಕಾಚಿಗೂಡದಲ್ಲೇ ಒಂದು ಕೋಣೆ ಹಿಡಿದೆ. ಆ ಸಮಯಕ್ಕೆ ಸರಿಯಾಗಿ ಟ್ರಾವೆಲ್ಸಿನವರು ಹೆಂಗಸೊಬ್ಬಳನ್ನು ಹುಡುಕುತ್ತಿದ್ದರು. ಕಾರ್ತಿಕ ಮಾಸದಲ್ಲಿ ಇಲ್ಲಿಯ ತೆಲುಗು ಹೆಂಗಸರು ಗುಂಪು ಕಟ್ಟಿಕೊಂಡು ನೆಲ್ಲಿ ಮರದ ಕೆಳಗೆ ವನಭೋಜನಕ್ಕೆ ಹೋಗುತ್ತಾರೆ. ಗಂಡು ಗೈಡ್ ಬೇಡವೆಂದು ಅವರು ಹಟ ಹಿಡಿದಿದ್ದರು. ಅವರ ಹಟದಿಂದ ನನಗೆ ಹೊಟ್ಟೆಪಾಡಾಯಿತು.

ಈ ಕೆಲಸಕ್ಕೆ ಕ್ಯಾಲೆಂಡರ್ ಬೇರೆಯೇ ಇದೆ. ಮಳೆ ಬಿದ್ದ ಮೊದಲ ವಾರ ಎಲ್ಲರಿಗೂ ಅನಂತಗಿರಿಯ ಕಾಡು ಬೇಕು. ಶ್ರಾವಣ ಕಳೆದು ನಾಗಾರ್ಜುನ ಸಾಗರದ ಗೇಟು ತೆಗೆದರೆಂದು ಪೇಪರಿನಲ್ಲಿ ಬಂತೆಂದರೆ ಆಫೀಸಿನ ಫೋನಿಗೆ ಬಿಡುವಿಲ್ಲ. ಕಾರ್ತಿಕದಲ್ಲಿ ವನಭೋಜನ. ಚಳಿಗೆ ಭುವನಗಿರಿ ಕೋಟೆ, ಮೆದಕ್ ಚರ್ಚು. ಹೋಳಿ ಆಯಿತೆಂದರೆ ಮುಗಿಯಿತು, ಜೂನಿನವರೆಗೆ ಫ್ಯಾನಿನ ಕೆಳಗೆ ಕೂತು ನೊಣ ಹೊಡೆಯಬೇಕು. ಬೇರೆಯವರಿಗೆ ಭಾನುವಾರ ರಜೆ, ನಮಗೆ ಭಾನುವಾರವೇ ಕೆಲಸ. ಬಂಧುಗಳ ಮದುವೆ, ಸೀಮಂತ, ನಾಮಕರಣ ಎಲ್ಲವೂ ಭಾನುವಾರವೇ ಬರುತ್ತವೆ. ಐದಾರು ವರ್ಷ ಹೋಗದಿದ್ದರೆ ಆಮೇಲೆ ಕರೆಯುವುದನ್ನೇ ಬಿಡುತ್ತಾರೆ. ರೇಣುಕಾ, ಇದನ್ನು ನಿನಗೆ ಯಾರೂ ಹೇಳುವುದಿಲ್ಲ.

ನಮ್ಮ ಮಾಲೀಕರನ್ನು ಎಲ್ಲರೂ ಸೇಠ್ ಎನ್ನುತ್ತಿದ್ದರು. ಕೆಟ್ಟ ಮನುಷ್ಯರಲ್ಲ, ಆದರೆ ಮಾತಿನ ವಿಷಯದಲ್ಲಿ ಭಾರಿ ಕಟ್ಟುನಿಟ್ಟು. ಬಸ್ಸಿನಲ್ಲಿ "ಲೇಟ್" ಎಂಬ ಶಬ್ದ ಬಾಯಿಂದ ಬರಕೂಡದು, ತಡವಾದರೆ "ಫೋಟೋ ಸ್ಟಾಪ್" ಎನ್ನಬೇಕು. ಟೈರು ಪಂಕ್ಚರ್ ಆದರೂ ಫೋಟೋ ಸ್ಟಾಪ್, ಡ್ರೈವರ್ ಜಹಾಂಗೀರ್ ಭಾಯಿ ನಮಾಜಿಗೆ ಇಳಿದರೂ ಫೋಟೋ ಸ್ಟಾಪ್. ಒಂದು ಸಲ ಶಾದನಗರದ ಹತ್ತಿರ ಇಂಜಿನ್ ಕೆಟ್ಟು ಬಟಾಬಯಲಿನಲ್ಲಿ ನಿಂತೆವು. ನಾನು ಮೈಕಿನಲ್ಲಿ ಫೋಟೋ ಸ್ಟಾಪ್ ಎಂದೆ. ಹಿಂದಿನ ಸೀಟಿನ ಮುದುಕರೊಬ್ಬರು, "ಯಾವುದರ ಫೋಟೋ ತೆಗೆಯಬೇಕು ತಾಯಿ, ನಿನ್ನ ಇಂಜಿನ್ನಿನದೇ?" ಎಂದು ಕೇಳಿ ಇಡೀ ಬಸ್ಸನ್ನು ನಗಿಸಿದರು.

ನನ್ನ ಮೊದಲ ದೊಡ್ಡ ತಪ್ಪು ಸಾಗರದಲ್ಲಾಯಿತು. ಗೇಟು ತೆಗೆದ ಸುದ್ದಿ ಪೇಪರಿನಲ್ಲಿ ಓದಿ, ದಾರಿಯುದ್ದಕ್ಕೂ ಮೈಕಿನಲ್ಲಿ ನೀರು ಹೇಗೆ ಭೋರ್ಗರೆಯುತ್ತದೆ, ಹನಿ ಹೇಗೆ ಮುಖಕ್ಕೆ ಸಿಡಿಯುತ್ತದೆ ಎಂದು ವರ್ಣಿಸಿದ್ದೇ ವರ್ಣಿಸಿದ್ದು. ಹೋಗಿ ನೋಡಿದರೆ ಹಿಂದಿನ ದಿನವೇ ಗೇಟು ಮುಚ್ಚಿದ್ದಾರೆ. ಎದುರಿಗೆ ಬರೀ ಸಿಮೆಂಟಿನ ಗೋಡೆ, ಅದರ ಮೇಲೊಂದು ಕೊಕ್ಕರೆ. ನಲವತ್ತು ಜನ ನನ್ನ ಮುಖ ನೋಡಿದರು. ಅಂದಿನಿಂದ ಅಣೆಕಟ್ಟಿನ ಹತ್ತಿರ ಚಹಾ ಅಂಗಡಿ ಇಟ್ಟಿದ್ದ ಸಾಯಿಲು ಎಂಬುವವರ ನಂಬರ್ ಇಟ್ಟುಕೊಂಡೆ. ಸೀಜನ್ನಿನಲ್ಲಿ ಪ್ರತಿ ಭಾನುವಾರ ಐದು ಗಂಟೆಗೆ ಫೋನ್ ಮಾಡಿ, "ಇವತ್ತು ಎಷ್ಟು ಗೇಟು ಅಣ್ಣಾ?" ಎಂದು ಕೇಳುತ್ತಿದ್ದೆ. ಅವರು ಗೇಟಿನ ಲೆಕ್ಕ ಹೇಳಿ, ನಿನಗೆ ಕೆಮ್ಮು ಹೋಯಿತೇ ಎಂದು ವಿಚಾರಿಸುತ್ತಿದ್ದರು. ಈಗ ಅಣೆಕಟ್ಟಿನ ನೀರಿನ ಮಟ್ಟ ಮೊಬೈಲಿನಲ್ಲೇ ಕಾಣುತ್ತದೆ. ಅದು ಬಂದ ಮೇಲೆ ನಾನು ಫೋನ್ ಮಾಡುವುದನ್ನು ನಿಲ್ಲಿಸಿದೆ. ಭಾನುವಾರ ಬೆಳಿಗ್ಗೆ ನನ್ನ ಕೆಮ್ಮು ಕೇಳುವವರು ಯಾರೂ ಉಳಿಯಲಿಲ್ಲ, ಅದು ಬಹಳ ದಿನ ಬಾಧಿಸಿತು.

ಇನ್ನು ಎಣಿಕೆ. ಹೊರಡುವ ಮುಂಚೆ ಎಲ್ಲರೂ ಬಂದರೇ ಎಂದು ನೋಡುವುದು ಈ ಕೆಲಸದ ಜೀವ. ಹೊಸಬರು ತಲೆ ಎಣಿಸುತ್ತಾರೆ, ಅದು ತಪ್ಪು. ತಲೆಗಳು ಕೂತಲ್ಲಿ ಕೂರುವುದಿಲ್ಲ. ಒಂದು ಮಗು ಅಜ್ಜಿಯ ತೊಡೆಯಿಂದ ಅತ್ತೆಯ ತೊಡೆಗೆ ಹೋಗಿರುತ್ತದೆ, ಒಬ್ಬ ನೀರಿನ ಬಾಟಲಿಗಾಗಿ ಬಗ್ಗಿರುತ್ತಾನೆ. ಜನರಿಗೂ ತಮ್ಮನ್ನು ಕುರಿಗಳಂತೆ ಎಣಿಸಿದರೆ ಸಿಟ್ಟು. ನಾನು ಖಾಲಿ ಸೀಟು ಎಣಿಸುತ್ತಿದ್ದೆ. ಖಾಲಿ ಸೀಟು ಅಲುಗಾಡುವುದಿಲ್ಲ. ಮೂವತ್ತೊಂಬತ್ತು ಸೀಟಿನ ಬಸ್ಸಿನಲ್ಲಿ ಒಂದು ಸುತ್ತು ಕಣ್ಣು ಹಾಯಿಸಿದರೆ ಸಾಕು.

ನನ್ನ ಜಾಗ ಬಾಗಿಲ ಹತ್ತಿರದ ಮಡಚುವ ಸೀಟು. ಜನ ಹತ್ತುವಾಗ ಇಳಿಯುವಾಗ ಎದ್ದು ಅದನ್ನು ಮಡಚಿ ನಿಲ್ಲಬೇಕು. ಊಟದ ಹೊತ್ತಿನಲ್ಲಿ ಒಂದೊಂದು ಮನೆಯವರು ಒಂದೊಂದು ಕಡೆ ಚಾಪೆ ಹಾಸಿ ಡಬ್ಬಿ ಬಿಚ್ಚುತ್ತಾರೆ. ಎಲ್ಲರೂ ಒಳ್ಳೆಯವರೇ. "ಮೇಡಂ, ನಮ್ಮ ಪುಳಿಹೋರ ರುಚಿ ನೋಡಿ" ಎಂದು ಒಂದು ಚಮಚ ಹಾಕುವವರು, ಅಂಗೈಗೆ ಒಂದು ವಡೆ ಇಡುವವರು. ಹೀಗೆ ನಿಂತೇ ಹತ್ತು ಮನೆಯ ಅಡುಗೆ ತಿಂದು ನನ್ನ ಹೊಟ್ಟೆ ತುಂಬುತ್ತಿತ್ತು. ಯಾರ ಚಾಪೆಯ ಮೇಲೂ ನಾನು ಕೂತಿರಲಿಲ್ಲ. "ಮಕ್ಕಳೆಷ್ಟು?" ಎಂದು ಕೇಳಿದರೆ ಮೊದಮೊದಲು ನಿಜ ಹೇಳುತ್ತಿದ್ದೆ. ಆಮೇಲೆ ಅವರ ಮುಖ ಸಪ್ಪಗಾಗುವುದನ್ನು ನೋಡಲಾರದೆ, "ಇಬ್ಬರು, ಊರಲ್ಲಿದ್ದಾರೆ" ಎನ್ನಲು ಕಲಿತೆ.

ಕಾಶಿನಾಥಪ್ಪನವರು ನಮ್ಮ ಬಸ್ಸಿಗೆ ಮೊದಲು ಬಂದದ್ದು ಒಂದು ಮಳೆಗಾಲದಲ್ಲಿ. ಕುಷಾಯಿಗೂಡದವರು, ಅಲ್ಲಿನ ಕಾರ್ಖಾನೆಯಲ್ಲಿ ಕೆಲಸ ಮಾಡಿ ಆಗಷ್ಟೇ ನಿವೃತ್ತರಾಗಿದ್ದರು. ಮದುವೆಯಾಗಿರಲಿಲ್ಲ, ತಾಯಿಯನ್ನು ಕೊನೆಯವರೆಗೂ ನೋಡಿಕೊಂಡು ಒಬ್ಬರೇ ಉಳಿದಿದ್ದರು. ನಮ್ಮ ವ್ಯವಹಾರದಲ್ಲಿ ಒಂಟಿ ಗಿರಾಕಿ ಎಂದರೆ ತಲೆನೋವು. ಸೀಟುಗಳು ಜೋಡಿಯಾಗಿರುತ್ತವೆ, ಪಕ್ಕದಲ್ಲಿ ಯಾರನ್ನು ಕೂರಿಸುವುದು? ಅವರನ್ನು ಬಾಗಿಲಿಗೆ ಹತ್ತಿದ ಒಂಟಿ ಸೀಟಿನಲ್ಲಿ, ಅಂದರೆ ನನ್ನ ಮಡಚುವ ಸೀಟಿನ ಬೆನ್ನಿಗೇ ಕೂರಿಸಿದೆ. ಊರು ಬಿಟ್ಟು ಅರ್ಧ ತಾಸಾಗಿರಬೇಕು, ನಾನು ಜಹಾಂಗೀರ್ ಭಾಯಿಯ ಮೇಲೆ ರೇಗಿ, ನಮ್ಮ ಭಾಷೆಯಲ್ಲಿ "ಈ ಮನಷ್ಯಾಗ ಎಷ್ಟ್ ಹೇಳಿದ್ರೂ ಅಷ್ಟ" ಎಂದು ಗೊಣಗಿದೆ. ಹಿಂದಿನಿಂದ ಮಾತು ಬಂತು.

"ಬಾಯಾರ, ನೀವು ವಿಜಾಪುರ ಕಡೇರೇನ್ರಿ?"

"ಹೌದ್ರಿ ಸರ. ಹೆಂಗ ಗೊತ್ತಾತು?"

"ಬೈಯೂದರಾಗ ಗೊತ್ತಾಕ್ಕೈತ್ರಿ. ನಂದು ಸಿಂದಗಿ."

ಆಮೇಲೆ ಅವರು ಪ್ರತಿ ಸೀಜನ್ನಿಗೂ ಬರತೊಡಗಿದರು. ನೋಡಿದ ಜಾಗವನ್ನೇ ಮತ್ತೆ ಮತ್ತೆ ನೋಡುತ್ತಿದ್ದರು. ಅದೇ ಮೆದಕ್ ಚರ್ಚು, ಅದೇ ಕೋಟೆ. ಬೇಸರ ಬರುವುದಿಲ್ಲವೇ ಎಂದರೆ, "ಮನ್ಯಾಗ ಅದs ಗ್ವಾಡಿ ದಿನಾ ನೋಡ್ತೀನಲ್ರಿ" ಎನ್ನುತ್ತಿದ್ದರು. ಹೆಚ್ಚು ಮಾತಿನವರಲ್ಲ. ಆದರೆ ನಾನು ಮೈಕಿನಲ್ಲಿ ತೆಲುಗಿನಲ್ಲಿ ಹೇಳಿ, ಹಿಂದಿಯಲ್ಲಿ ಹೇಳಿ, ಕೆಳಗಿಟ್ಟ ಮೇಲೆ, "ಈಗ ನಮಗ ಹೇಳ್ರಿ" ಎಂದು ಮೆಲ್ಲಗೆ ಕೇಳುವರು. ಒಬ್ಬರಿಗಾಗಿ ಮತ್ತೊಮ್ಮೆ ಕನ್ನಡದಲ್ಲಿ ಹೇಳುತ್ತಿದ್ದೆ. ಅವರು ಬರುವ ಟ್ರಿಪ್ಪಿನ ಹಿಂದಿನ ದಿನ ನಾನು ಸೀರೆಗೆ ಇಸ್ತ್ರಿ ಮಾಡಿಸುತ್ತಿದ್ದೆ. ಈಗ ಮುಚ್ಚಿಡುವುದೇನಿದೆ?

ಒಂದು ವರ್ಷ ಹೈದರಾಬಾದಿನಲ್ಲಿ ನೆಲೆಸಿದ ನಮ್ಮ ಕಡೆಯ ಕೆಲವು ಮನೆಯವರು ಎಳ್ಳಮವಾಸ್ಯೆಗೆ ಬಸ್ಸು ಕೇಳಿದರು. ಆ ದಿನ ಹೊಲಕ್ಕೆ ಹೋಗಿ ಪೂಜೆ ಮಾಡಿ, ನೈವೇದ್ಯದ ಅಡುಗೆಯನ್ನು ಚರಗವೆಂದು ಬೆಳೆಗೆ ಚೆಲ್ಲಿ, ಅಲ್ಲೇ ಉಣ್ಣಬೇಕು. ಈ ಊರಿನಲ್ಲಿ ಹೊಲ ಎಲ್ಲಿಂದ ಬರಬೇಕು? ಜಹೀರಾಬಾದ್ ದಾಟಿ ರೈತರೊಬ್ಬರನ್ನು ಒಪ್ಪಿಸಿ, ಅವರ ಜೋಳದ ಹೊಲಕ್ಕೆ ನಾನೇ ಕರೆದುಕೊಂಡು ಹೋದೆ. ಕಾಶಿನಾಥಪ್ಪನವರೂ ಬಂದರು. ಅಪಾರ್ಟ್‌ಮೆಂಟಿನಲ್ಲಿ ಬೆಳೆದ ಮಕ್ಕಳಿಗೆ ಚರಗದ ಕೂಗು ಹಾಕಲು ನಾಚಿಕೆ. ಯಾವತ್ತೂ ದನಿ ಎತ್ತದ ಆ ಮನುಷ್ಯ ಪಂಚೆ ಎತ್ತಿ ಕಟ್ಟಿ, ಬುಟ್ಟಿ ಹಿಡಿದು, ಹೊಲದ ತುಂಬ ಕೂಗುತ್ತ ಓಡಾಡಿದರು. ಮಕ್ಕಳು ಅವರ ಬೆನ್ನು ಹತ್ತಿದರು.

ಊಟಕ್ಕೆ ಸಜ್ಜೆ ಕಡಬು, ಪುಂಡಿ ಪಲ್ಯ, ಎಣಗಾಯಿ, ಶೇಂಗಾ ಹೋಳಿಗೆ. ನಾನು ಎಂದಿನಂತೆ ಕೈಯಲ್ಲೊಂದು ತುಂಡು ಹೋಳಿಗೆ ಹಿಡಿದು ಓಡಾಡುತ್ತಿದ್ದೆ. ಅವರು ಎಲೆ ಹಾಕಿ ಕೂತವರು ಪಕ್ಕದಲ್ಲೇ ಇನ್ನೊಂದು ಎಲೆ ಹಾಸಿದರು.

"ಕುಂತ್ ಉಣ್ರಿ ಬಾಯಾರ. ಬಸ್ ಎಲ್ಲೂ ಓಡಿ ಹೋಗೂದಿಲ್ಲ."

ಕೂತೆ. ಟ್ರಿಪ್ಪಿನಲ್ಲಿ ನಾನು ಕೂತು ಉಂಡದ್ದು ಅದೇ ಮೊದಲು. ಉಣ್ಣುತ್ತ ಅವರು ಕೇಳಿದರು, "ರಿಟೈರ್ ಆದ ಮ್ಯಾಲ ಏನ್ ಮಾಡಾವ್ರ ಅದೀರಿ?"

"ಏನ್ ಮಾಡೂದ್ರಿ, ಮನ್ಯಾಗ ಕೂಡೂದು."

"ಹಂಗ್ಯಾಕ? ನಾವಿಬ್ರೂ ಕೂಡಿ ಎಲ್ಲೆರೆ ಹೋಗೂಣು. ನೀವು ಎಣಿಸೂದ್ ಬ್ಯಾಡ, ಹೇಳೂದ್ ಬ್ಯಾಡ. ಸುಮ್ನ ಕಿಡಕಿ ಕಡೆ ಕುಂತು ನೋಡ್ರಿ."

ಹೂಂ ಎನ್ನಬೇಕಿತ್ತು. ಸುತ್ತ ಜನ, ಯಾರಾದರೂ ಕೇಳಿಸಿಕೊಂಡರೆ ಎಂಬ ಅಂಜಿಕೆ. "ಆಗ ನೋಡೂಣು ಬಿಡ್ರಿ ಸರ" ಎಂದು ನಕ್ಕು ಎದ್ದುಬಿಟ್ಟೆ. ಅವರು ಮತ್ತೆ ಆ ಮಾತು ತೆಗೆಯಲಿಲ್ಲ. ನಾನೂ ತೆಗೆಯಲಿಲ್ಲ. ತೆಗೆಯಬೇಕೆಂದು ಪ್ರತಿ ಸಲವೂ ಅಂದುಕೊಳ್ಳುತ್ತಿದ್ದೆ, ಪ್ರತಿ ಸಲವೂ ಯಾರೋ ಒಬ್ಬರಿಗೆ ನಿಂಬೆಹಣ್ಣು ಬೇಕಾಗುತ್ತಿತ್ತು.

ಆಮೇಲೆ ಕೆಲಸದ ರೀತಿ ಬದಲಾಯಿತು. ಸೇಠರ ಮಗ ಬಂದು ಪ್ರತಿ ಟ್ರಿಪ್ಪಿಗೂ ವಾಟ್ಸಾಪ್ ಗ್ರೂಪ್ ಮಾಡಿಸಿದ. ಮೈಕು ಮೂಲೆ ಸೇರಿತು. ಬಸ್ಸು ಎಲ್ಲಿ ನಿಂತಿದೆ, ಎಷ್ಟಕ್ಕೆ ಹೊರಡುತ್ತದೆ ಎಲ್ಲವನ್ನೂ ಮೊಬೈಲಿನಲ್ಲಿ ಒತ್ತಬೇಕು. ಮೊದಲು ಜನರ ಮುಖ ನೋಡಿ ಹೇಳುತ್ತಿದ್ದದ್ದನ್ನು ಈಗ ತಲೆ ಬಗ್ಗಿಸಿ ಹೇಳುವುದಾಯಿತು. ಕಾಶಿನಾಥಪ್ಪನವರದು ಗುಂಡಿ ಒತ್ತುವ ಹಳೆಯ ಫೋನು, ಅವರು ಯಾವ ಗ್ರೂಪಿನಲ್ಲೂ ಇರಲಿಲ್ಲ.

ಆ ದಿನ ಅನಂತಗಿರಿಗೆ ಹೋಗಿದ್ದೆವು. ನನ್ನ ನಿವೃತ್ತಿಗೆ ಇನ್ನೂ ನಾಲ್ಕು ವರ್ಷವಿತ್ತು. ಬೆಳಗಿನಿಂದಲೂ ಜಡಿಮಳೆ. ಕಾಶಿನಾಥಪ್ಪನವರು ಎಂದಿನ ಹೆಗಲ ಚೀಲದ ಬದಲು ದೊಡ್ಡದೊಂದು ಬ್ಯಾಗು ಹಿಡಿದು ಹತ್ತಿದರು.

"ಏನ್ ಸರ, ಒಂದ್ ದಿನದ ಟ್ರಿಪ್ಪಿಗೆ ಇಷ್ಟ್ ದೊಡ್ಡ ಬ್ಯಾಗ?"

"ಮಳಿಗಾಲ ಅಲ್ರಿ, ಅರಿವಿ ತಂದೀನಿ" ಎಂದು ನಕ್ಕರು. ಬ್ಯಾಗನ್ನು ಮೇಲಿನ ರ‍್ಯಾಕಿನಲ್ಲಿಟ್ಟು, "ಬಾಯಾರ, ನಿಮಗೊಂದು ಮಾತು ಹೇಳೂದೈತಿ" ಎಂದರು. ಅಷ್ಟರಲ್ಲಿ ಐದನೆಯ ಸಾಲಿನ ಮಗು ವಾಂತಿ ಮಾಡಿಕೊಂಡಿತು. "ಬಂದೆ ಸರ" ಎಂದು ಓಡಿದೆ. ಗುಡಿಯ ಹತ್ತಿರ ಮತ್ತೆ ನನ್ನ ಕಡೆ ಬಂದರು, ನಾನು ಯಾರದೋ ಮನೆಯವರ ಗ್ರೂಪ್ ಫೋಟೋ ತೆಗೆಯುತ್ತಿದ್ದೆ. ಊಟದ ಹೊತ್ತಿಗೆ ಇನ್ನೊಮ್ಮೆ ಬಂದರು, ಮಳೆ ಜೋರಾಗಿ ಚಾಪೆಗಳನ್ನೆಲ್ಲ ಮಂಟಪದೊಳಗೆ ಎಳೆಯುವುದೇ ಆಯಿತು. ಮೂರು ಸಲ ಬಂದ ಮನುಷ್ಯನನ್ನು ಮೂರು ಸಲವೂ ಆಮೇಲೆ ಆಮೇಲೆ ಎಂದು ದೂಡಿದೆ.

ಮೂರೂಕಾಲರ ಹೊತ್ತಿಗೆ ಒಬ್ಬ ಹೆಂಗಸಿನ ಹೊಸ ಚಪ್ಪಲಿ ಗುಡಿಯ ಮುಂದಿನಿಂದ ಕಾಣೆಯಾಗಿ ದೊಡ್ಡ ರಂಪವಾಗಿತ್ತು. ಒಂದು ಕಡೆ ಆಕೆಯನ್ನು ಸಮಾಧಾನ ಮಾಡುತ್ತ, ಇನ್ನೊಂದು ಕಡೆ ಬಸ್ಸು ನಾಲ್ಕಕ್ಕೆ ಹೊರಡುತ್ತದೆ ಎಂದು ಗ್ರೂಪಿಗೆ ಒತ್ತುತ್ತ ನಿಂತಿದ್ದೆ. ಪಕ್ಕದಲ್ಲಿ ಯಾರೋ ಕೊಡೆ ಹಿಡಿದರು. ಕಾಶಿನಾಥಪ್ಪನವರು.

"ಬಾಯಾರ, ನಾ ಬರ್ತೀನ್ರಿ."

ತಲೆ ಎತ್ತದೆ, "ಹೂಂನ್ರಿ ಸರ, ಲಗೂ ಬರ್ರಿ" ಎಂದೆ.

"ಆತ್ರಿ" ಎಂದರು. ಕೊಡೆ ಇನ್ನೂ ಸ್ವಲ್ಪ ಹೊತ್ತು ನನ್ನ ಮೇಲೆಯೇ ಇತ್ತು. ಆಮೇಲೆ ಮಳೆ ಮತ್ತೆ ನನ್ನ ಮೊಬೈಲಿನ ಮೇಲೆ ಬೀಳತೊಡಗಿತು.

ನಾಲ್ಕಕ್ಕೆ ಬಸ್ಸಿನಲ್ಲಿ ಕಣ್ಣು ಹಾಯಿಸಿದೆ. ಖಾಲಿ ಸೀಟು ಒಂದು, ಅದು ನನ್ನ ಬೆನ್ನಿನ ಹಿಂದಿನದು. ಕೆಳಗಿನ ಕಲ್ಯಾಣಿಯನ್ನೋ ಮೂಸಿ ನದಿ ಹುಟ್ಟುವ ಜಾಗವನ್ನೋ ನೋಡಲು ಹೋಗಿದ್ದಾರೆ, ಬರುತ್ತಾರೆ ಎಂದುಕೊಂಡೆ. ಹದಿನೈದು ನಿಮಿಷ ಆಯಿತು, ಅರ್ಧ ತಾಸಾಯಿತು. ಜಹಾಂಗೀರ್ ಭಾಯಿ ಹಾರ್ನ್ ಹೊಡೆದ. ಆ ಕಾಡಿನಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ರಸ್ತೆಯ ತಿರುವಿನಲ್ಲಿ ಮಾತ್ರ. ಅಲ್ಲಿಗೆ ಓಡಿ ಎಷ್ಟು ಸಲ ಫೋನ್ ಹಚ್ಚಿದರೂ ಅವರ ನಂಬರ್ ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದಿತು. ಕಲ್ಯಾಣಿಯ ಮೆಟ್ಟಿಲುಗಳು ಪಾಚಿಗಟ್ಟಿ ಜಾರುತ್ತಿದ್ದವು. ಅರವತ್ತೈದು ದಾಟಿದ ಮನುಷ್ಯ. ಮೆಟ್ಟಿಲಿಳಿದು, ನೀರಿನ ಅಂಚಿನವರೆಗೂ ಹೋಗಿ ಕೂಗಿದೆ. ಇಬ್ಬರು ಪ್ರಯಾಣಿಕರು ಕಾಲುದಾರಿಯಲ್ಲಿ ಹುಡುಕಿ ಬಂದರು. ಕಾಡಿನ ಗಾರ್ಡನ್ನು ಕೇಳಿದೆ, ಜೋಳ ಸುಡುತ್ತಿದ್ದ ಮುದುಕಿಯನ್ನು ಕೇಳಿದೆ. ಯಾರೂ ನೋಡಿರಲಿಲ್ಲ.

ಐದು ಗಂಟೆಗೆ ಬಸ್ಸಿನೊಳಗೆ ಗದ್ದಲ ಶುರುವಾಯಿತು. ಒಬ್ಬರಿಗಾಗಿ ಎಲ್ಲರೂ ಒದ್ದೆ ಬಟ್ಟೆಯಲ್ಲಿ ಕೂರಬೇಕೇ ಎಂದು ಒಬ್ಬರು, ಮಗುವಿಗೆ ಜ್ವರ ಬರುತ್ತಿದೆ ಎಂದು ಇನ್ನೊಬ್ಬರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ನಾನು ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದೆ: "ಬರ್ತೀನಿ ಅಂತ ನನಗೆ ಹೇಳಿಯೇ ಹೋಗಿದ್ದಾರೆ. ಅವರಿಲ್ಲದೆ ಬಸ್ಸು ಹೊರಡುವುದಿಲ್ಲ." ಜಹಾಂಗೀರ್ ಭಾಯಿ ನನ್ನನ್ನು ಒಮ್ಮೆ ನೋಡಿ ಇಂಜಿನ್ ಆರಿಸಿದ. "ಠೈರೋ, ಮೇಡಂ ಬೋಲ್ರೇ" ಎಂದು ಹಿಂದಿನವರಿಗೆ ಹೇಳಿದ. ಬೇರೆ ಯಾರಾಗಿದ್ದರೂ ನಾನು ಒಂದು ತಾಸಿಗೇ ಪೊಲೀಸರಿಗೆ ತಿಳಿಸಿ ಹೊರಟಿರುತ್ತಿದ್ದೆ. ಅದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಆರಾಗುತ್ತ ಬಂತು. ಕೊನೆಯ ಸಾಲಿನಲ್ಲಿ ಅನಸೂಯಮ್ಮ ಎಂಬ ವಯಸ್ಸಾದ ತೆಲುಗು ಹೆಂಗಸು ಇದ್ದರು. ಅವರು ಮೆಲ್ಲಗೆ ಮುಂದೆ ಬಂದು ನನ್ನ ತೋಳು ಹಿಡಿದರು.

"ಅಮ್ಮಾ, ಅವರು ಹೋಗುವಾಗ ಏನಂದರು, ಸರಿಯಾಗಿ ಹೇಳು."

"ಬರ್ತೀನಿ ಅಂದರು. ನಿಮ್ಮ ತೆಲುಗಿನಲ್ಲಿ 'ವಸ್ತಾ' ಅಂತಾರಲ್ಲ, ಹಾಗೆ."

"ಅದೇ ನೋಡು. ಮನೆ ಬಿಟ್ಟು ಹೋಗುವಾಗಲೂ ನಾವು ವಸ್ತಾ ಅಂತಲೇ ತಾನೇ ಅನ್ನೋದು? ಹೋಗ್ತೀನಿ ಅಂತ ಯಾರು ಅಂತಾರೆ, ಅಪಶಕುನ. ಅವರ ಬ್ಯಾಗ್ ಇದೆಯಾ ನೋಡು ತಲ್ಲಿ."

ರ‍್ಯಾಕ್ ಖಾಲಿ ಇತ್ತು. ಎರಡು ತಾಸು ಕಾಡಿನಲ್ಲಿ ಹುಡುಕಿದವಳು, ತಲೆಯ ಮೇಲಿನ ರ‍್ಯಾಕನ್ನು ನೋಡಿರಲಿಲ್ಲ. ಹೊಸದಾಗಿ ಸೇರಿದವರು ಕೂಡ ಮೊದಲು ಸಾಮಾನು ನೋಡುತ್ತಾರೆ. ನಾನು ಆ ಮನುಷ್ಯನ ಮಾತಿಗೆ ಕಟ್ಟುಬಿದ್ದು ನಿಂತಿದ್ದೆ. ತಿರುವಿಗೆ ಹೋಗಿ ಮತ್ತೆ ಫೋನ್ ತೆಗೆದೆ, ನಾನು ಒತ್ತುವ ಮುಂಚೆ ಅದೇ ಬಡಿಯಿತು.

"ಬಾಯಾರ, ಭಾಳ ಸಲ ಫೋನ್ ಮಾಡೀರಲ್ರಿ. ಗಾಡಿಯೊಳಗ ಸಿಗ್ನಲ್ ಇರಲಿಲ್ಲ."

"ಯಾವ ಗಾಡಿ ಸರ?"

"ವಿಕಾರಾಬಾದಿನಾಗ ರೈಲ್ ಹತ್ತೀನ್ರಿ. ಕಲಬುರ್ಗಿಗೆ ಹೊಂಟೀನಿ. ತಂಗಿ ಮನೀ ಮ್ಯಾಲಿನ ಖೋಲಿ ಖಾಲಿ ಐತಿ, ಬಾ ಅಂತ ಎರಡ್ ವರ್ಷದಿಂದ ಕರ್ಯಾಕತ್ತಿದ್ಲು. ಇಲ್ಲಿ ಮನಿ ಬಿಟ್ಟೆ. ಕಡೀಕ ಒಂದ್ ಟ್ರಿಪ್ ನಿಮ್ ಬಸ್ಸಿನಾಗ ಬಂದು, ಇಲ್ಲಿಂದನ ರೈಲ್ ಹತ್ತೂಣು ಅಂತ. ಮುಂಜಾನಿಂದ ಹೇಳಬೇಕಂತ ನೋಡಾಕತ್ತಿದ್ದೆ, ನಿಮಗ ಪುರಸತ್ತ ಆಗಲಿಲ್ಲ."

ಅವರೇ ಮುಂದುವರಿಸಿದರು. "ಹೇಳದs ಹೋಗೂದು ಹೆಂಗಂತ ಮನಸ್ಸಿಗೆ ಭಾಳ ಹತ್ತಿತ್ತು. ಆದ್ರ ನೀವು ಲಗೂ ಬರ್ರಿ ಅಂದ್ರಲ್ಲ, ಸಮಾಧಾನ ಆತ್ರಿ." ಆಮೇಲೆ ಕೇಳಿದರು, "ಬಸ್ ಬಿಟ್ಟಿರಬೇಕಲ್ರಿ?"

ಹಿಂದೆ ತಿರುಗಿ ನೋಡಿದೆ. ಬಸ್ಸು ಮರದ ಕೆಳಗೆ ನಿಂತಿತ್ತು, ಕಿಟಕಿಗಳ ತುಂಬ ಮುಖಗಳು.

"ಹೂಂನ್ರಿ ಸರ. ಚೇವೆಳ್ಳ ದಾಟೀವಿ" ಎಂದು ಅರ್ಧ ದಾರಿಯಲ್ಲಿರುವ ಊರಿನ ಹೆಸರು ಹೇಳಿದೆ.

"ಚಲೋ ಆತು. ಬರ್ತೀನ್ರಿ ಹಂಗಾರ" ಎಂದು ಫೋನ್ ಇಟ್ಟರು.

ತಿರುಗಿ ಹೋಗಿ ಜಹಾಂಗೀರ್ ಭಾಯಿಗೆ ಬಸ್ಸು ಹೊರಡಿಸಲು ಹೇಳಿದೆ. ಮರುದಿನ ಸೇಠ್ ಕರೆಸಿದರು. ದೂರುಗಳು ಅವರ ಮೊಬೈಲಿನ ತುಂಬ ಬಂದಿದ್ದವು. "ಎರಡು ಗಂಟೆಯ ಫೋಟೋ ಸ್ಟಾಪಾ?" ಎಂದು ಕೇಳಿದರು. ನಾನು ಅಳತೊಡಗಿದೆ. ಅವರ ಮುಂದೆ ಎಂದೂ ಅತ್ತವಳಲ್ಲ. ಗಾಬರಿಯಾಗಿ ನೀರು ತರಿಸಿದರು, ಒಂದು ತಿಂಗಳು ಬಸ್ಸಿಗೆ ಹೋಗದೆ ಆಫೀಸಿನಲ್ಲಿ ಕೂತಿರು ಎಂದರು. ಕೂತೆ. ಆ ಒಂದು ತಿಂಗಳು ಭಾನುವಾರ ನನಗೂ ರಜೆ ಇತ್ತು. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಕೋಣೆಯಲ್ಲೇ ಇದ್ದೆ.

ರೇಣುಕಾ, ಈ ಕೆಲಸದಲ್ಲಿ ನಾನು ನಿನಗೆ ಹೇಳಬೇಕಾದದ್ದು ಇಷ್ಟೇ. ಯಾರಾದರೂ ಬರ್ತೀನಿ ಎಂದರೆ, ಮೊಬೈಲ್ ಕೆಳಗಿಟ್ಟು ಮುಖ ನೋಡು. ಬಸ್ಸಿಗೆ ಬರ್ತೀರೋ, ಮನೆಗೆ ಹೋಗ್ತೀರೋ ಎಂದು ಬಾಯಿಬಿಟ್ಟು ಕೇಳು. ಕೇಳಿದರೆ ಅಪಶಕುನವೆಂದು ಬೈದರೆ ಬೈಸಿಕೊ.

ಮೊದಲ ವರ್ಷ ಅವರು ಎರಡು ಸಲ ಫೋನ್ ಮಾಡಿದರು. ಎರಡು ಸಲವೂ ನಾನು ಬಿಡುವಿಲ್ಲದವಳ ಹಾಗೆ ಮಾತಾಡಿ ಬೇಗ ಮುಗಿಸಿದೆ. ಬಸ್ಸು ನಿಲ್ಲಿಸಿದ ವಿಷಯ ಎಲ್ಲಿ ಬಾಯಿಗೆ ಬರುತ್ತದೋ ಎಂಬ ಭಯ. ಆಮೇಲೆ ಅವರೂ ಮಾಡಲಿಲ್ಲ. ನಾನು ನಿವೃತ್ತಳಾಗಿ ಎಂಟು ತಿಂಗಳಾಯಿತು. ದಿನಕ್ಕೆ ಎರಡು ಸಲ ಅಡುಗೆ ಮಾಡುವುದು ಬೇಸರವಾಗಿ ಒಂದೇ ಸಲ ಮಾಡುತ್ತೇನೆ. ಕೂತೇ ಉಣ್ಣುತ್ತೇನೆ.

ಇಷ್ಟು ಬರೆದ ಮೇಲೆ, ಇಂದು ಬೆಳಿಗ್ಗೆ ಹತ್ತು ಗಂಟೆಗೆ, ಧೈರ್ಯ ಮಾಡಿ ಅವರಿಗೆ ಫೋನ್ ಹಚ್ಚಿದೆ. ಎರಡನೆಯ ರಿಂಗಿಗೇ ಎತ್ತಿದರು.

"ಬಾಯಾರ! ಆರಾಮ್ ಅದೀರಿ?"

ಆರಾಮಿದ್ದೇನೆ ಎಂದೆ. ಕೆಲಸ ಮುಗಿಯಿತು ಎಂದೆ. ಮಂಡಿ ನೋವು, ಬಾರದ ಮಳೆ, ಅವರ ತಂಗಿಯ ಕಣ್ಣಿನ ಆಪರೇಷನ್, ಎಲ್ಲ ಮಾತಾಡಿದೆವು. ಇನ್ನು ಮಾತೇ ಉಳಿದಿರಲಿಲ್ಲ. ಆಗ, "ಸರ, ನಾ ಬರ್ತೀನ್ರಿ" ಎಂದೆ.

"ಹೂಂನ್ರಿ, ಬರ್ರಿ" ಎಂದು ಅವರು ಫೋನ್ ಇಟ್ಟುಬಿಟ್ಟರು.

ಮೊಬೈಲ್ ಹಿಡಿದು ಸುಮ್ಮನೆ ಕೂತೆ. ಒಲೆಯ ಮೇಲೆ ಹಾಲು ಉಕ್ಕಿತು, ಏಳಲಿಲ್ಲ. ಆಮೇಲೆ ಮತ್ತೆ ಫೋನ್ ಮಾಡಿದೆ.

"ಏನ್ರಿ, ಏನರೆ ಮರ್ತ್ರಿ?"

"ಸರ, ನಾ ಬರ್ತೀನಿ ಅಂದದ್ದು ಫೋನ್ ಇಡಾಕಲ್ರಿ. ಕಲಬುರ್ಗಿಗೆ ಬರ್ತೀನಂತ ಅಂದೆ. ನೀವು ಬರ್ರಿ ಅಂದದ್ದು ಯಾವ ಬರ್ರಿ, ಅದನ್ನ ಕೇಳಾಕ ಮಾಡೀನಿ. ಆವತ್ತು ಅನಂತಗಿರಿಯಾಗ ನೀವು ಬರ್ತೀನಿ ಅಂದದ್ದಕ್ಕ ಎರಡ್ ತಾಸು ಬಸ್ ನಿಲ್ಲಿಸಿದ್ದೆ. ಚೇವೆಳ್ಳ ದಾಟಿರಲಿಲ್ರಿ. ಅಲ್ಲೇ ನಿಂತಿದ್ದೆ."

ಅವರು ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು.

"ಮಧ್ಯಾಹ್ನದ ಗಾಡಿ ಬ್ಯಾಡ್ರಿ" ಎಂದರು. "ಇಲ್ಲಿ ಬಿಸಲು ಭಾಳ. ಮುಂಜಾನಿ ಗಾಡಿಗೆ ಬರ್ರಿ, ನಾ ಸ್ಟೇಷನ್ನಿನಾಗ ನಿಂತಿರ್ತೀನಿ."